ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ರೋಮನ್ ನಾಣ್ಯ: ಯಾರದು, ಬೆಲೆ ಎಷ್ಟು?

ಪ್ರಶ್ನೆ

ಚಿತ್ರದುರ್ಗದ ಬಳಿಯಿದ್ದ ನಮ್ಮ ಅಜ್ಜನವರ ಕಬ್ಬಿಣದ ಪೆಟ್ಟಿಗೆಯಲ್ಲಿ, ವಿಕ್ಟೋರಿಯಾ ರಾಣಿಯ ರೂಪಾಯಿಗಳ ನಡುವೆ, ಅವಕ್ಕಿಂತ ಚಿಕ್ಕದಾದ ಬೆಳ್ಳಿಯ ನಾಣ್ಯವೊಂದು ದೊರೆತಿದೆ. ಮುಂಬದಿಯಲ್ಲಿ ಎಲೆಗಳ ಮಾಲೆ ತೊಟ್ಟು ಬಲಕ್ಕೆ ಮುಖ ಮಾಡಿದ ಗಂಡಸಿನ ತಲೆಯಿದೆ. ಹಿಂಬದಿಯಲ್ಲಿ ಕುರ್ಚಿಯ ಮೇಲೆ ಕೋಲು ಹಿಡಿದು ಕುಳಿತ ಹೆಂಗಸಿದ್ದಾಳೆ. ಅಕ್ಷರಗಳಲ್ಲಿ ‘ಮ್ಯಾಕ್ಸಿಮ್’ ಎಂಬುದಷ್ಟೇ ಸ್ಪಷ್ಟವಾಗಿದೆ. ಅತ್ತೆಯವರು ಇದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾರೆ. ಇದು ಯಾರ ಕಾಲದ್ದು, ಇದರ ಬೆಲೆ ಎಷ್ಟಿರಬಹುದು?

ಮೊದಲ ಉತ್ತರ

ತಮ್ಮ ವಿವರಣೆ ರೋಮನ್ ಚಕ್ರವರ್ತಿ ತಿಬೇರಿಯಸನ (ಕ್ರಿ.ಶ. 14–37) ಬೆಳ್ಳಿ ನಾಣ್ಯವಾದ ದಿನಾರಿಯಸ್‌ಗೆ ಹೊಂದುತ್ತದೆ. ಹಿಂಬದಿಯ ಪೂರ್ಣ ಬರಹ ‘ಪಾಂಟಿಫ್ ಮ್ಯಾಕ್ಸಿಮ್’, ಅಂದರೆ ಪ್ರಧಾನ ಪುರೋಹಿತ. ಕುಳಿತವಳು ಶಾಂತಿದೇವತೆ ಎಂದೂ, ಅವಳ ರೂಪದಲ್ಲಿರುವ ರಾಜಮಾತೆ ಲಿವಿಯಾ ಎಂದೂ ಹೇಳುತ್ತಾರೆ; ಇನ್ನೊಂದು ಕೈಯಲ್ಲಿ ರೆಂಬೆಯಿದೆಯೇ ನೋಡಿ. ಇಂದಿನ ಫ್ರಾನ್ಸಿನ ಲಿಯೋನ್‌ನಲ್ಲಿ ಇದೇ ಅಚ್ಚನ್ನು ವರ್ಷಗಟ್ಟಲೆ ಹೊಡೆದಿದ್ದರಿಂದ ನಿಖರವಾದ ವರ್ಷವನ್ನು ಹೇಳಲಾಗದು. ಕುರ್ಚಿಯ ಕಾಲುಗಳು ಸಾದಾ ಇವೆಯೋ ಕಡೆದಂತಿವೆಯೋ ಎಂಬುದರಿಂದ ಉಪಪ್ರಕಾರವನ್ನು ಮಾತ್ರ ಗುರುತಿಸಬಹುದು.

ಚಿತ್ರದುರ್ಗದ ಹೆಸರು ಕೇಳಿ ಕುತೂಹಲವಾಯಿತು. ಅಲ್ಲಿನ ಚಂದ್ರವಳ್ಳಿಯ ಉತ್ಖನನದಲ್ಲಿಯೂ ತಿಬೇರಿಯಸನ ದಿನಾರಿಯಸ್ ಸಿಕ್ಕಿದೆ, ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ರಾಶಿಯೇ ಸಿಕ್ಕಿತ್ತು. ದಯವಿಟ್ಟು ತೂಕವನ್ನು ತಿಳಿಸಿ. ಇನ್ನು ಮುಂದೆ ಹುಣಸೆಹಣ್ಣಿನ ಸಹವಾಸ ಬೇಡ.

ಪ್ರಶ್ನೆ ಕೇಳಿದವರು

ಅಕ್ಕಸಾಲಿಗರ ತಕ್ಕಡಿಯಲ್ಲಿ 3.6 ಗ್ರಾಂ ಬಂದಿದೆ. ರೆಂಬೆ ಕಾಣುತ್ತದೆ. ಮುಂಬದಿಯ ಕೆನ್ನೆಯ ಮೇಲೆ ಉಳಿಯಿಂದ ಹೊಡೆದಂತಹ ಗಾಯವಿದೆ.

ಎರಡನೆಯ ಉತ್ತರ

ತೂಕ ಸರಿಯಾಗಿದೆ, ಆದರೆ ತೂಕವೊಂದರಿಂದಲೇ ಅಸಲಿ ಎನ್ನಲಾಗದು. ಎರಕ ಹೊಯ್ದ ನಕಲಿಗಳಲ್ಲಿ ಅಂಚಿನ ಸುತ್ತ ಬೆಸುಗೆಯಂತಹ ಗೆರೆಯೂ, ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಗುಳ್ಳೆಗಳ ಗುಳಿಯೂ ಕಾಣುತ್ತವೆ. ಆ ಗಾಯದಿಂದ ಬೇಸರಿಸಬೇಡಿ. ಭಾರತದಲ್ಲಿ ದೊರೆತ ರೋಮನ್ ನಾಣ್ಯಗಳ ಮೇಲೆ ಇಂತಹ ಕಡಿತಗಳು ಹಲವೆಡೆ ಕಂಡುಬಂದಿವೆ. ಒಳಗೆ ತಾಮ್ರವಿದೆಯೇ ಎಂದು ನೋಡಲು ಹೀಗೆ ಕಡಿಯುತ್ತಿದ್ದರು ಎಂಬುದು ಒಂದು ವಿವರಣೆ. ಸಂಗ್ರಾಹಕರ ಬೆಲೆ ಇಳಿದರೂ, ನನ್ನ ಕಣ್ಣಿಗೆ ಆ ಗಾಯವೇ ನಾಣ್ಯದ ಅತ್ಯಂತ ಬೆಲೆಬಾಳುವ ಭಾಗ.

ಮೂರನೆಯ ಉತ್ತರ

ಬೆಲೆಯ ವಿಚಾರಕ್ಕೆ ಬರುತ್ತೇನೆ. ಬೈಬಲಿನಲ್ಲಿ ಯೇಸುವಿಗೆ ತೋರಿಸಿದ ತೆರಿಗೆಯ ನಾಣ್ಯ ಇದೇ ಇರಬೇಕೆಂಬ ನಂಬಿಕೆಯಿಂದ, ಅಪರೂಪದ್ದಲ್ಲದಿದ್ದರೂ ಇದಕ್ಕೆ ವಿದೇಶಗಳಲ್ಲಿ ಬೇಡಿಕೆ ಹೆಚ್ಚು. ಅಕ್ಷರಗಳು ಪೂರ್ತಿಯಿರುವ ಪ್ರತಿಗಳು ನೂರಾರು ಡಾಲರ್‌ಗೆ ಹೋಗುತ್ತವೆ. ಆ ಲೆಕ್ಕವನ್ನು ರೂಪಾಯಿಗೆ ತಿರುಗಿಸಿ ಕನಸು ಕಾಣಬೇಡಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯದಾದ ನಾಣ್ಯ ಪುರಾವಸ್ತುವೇ. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ, ಪರವಾನಗಿ ಇಲ್ಲದೆ ವ್ಯಾಪಾರವನ್ನೂ ಮಾಡುವಂತಿಲ್ಲ. ನೆಲ ಅಗೆಯುವಾಗ ಸಿಕ್ಕಿದ್ದಾದರೆ ಜಿಲ್ಲಾಡಳಿತಕ್ಕೆ ತಿಳಿಸಬೇಕಾದ ಪ್ರಶ್ನೆಯೂ ಬರುತ್ತದೆ. ಆದ್ದರಿಂದ ಅಜ್ಜನವರಿಗೆ ಇದು ಎಲ್ಲಿಂದ ಬಂತು, ಹೊಲದಲ್ಲೋ, ಸಂತೆಯಲ್ಲೋ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟುಕೊಂಡು, ರಾಜ್ಯ ಪುರಾತತ್ವ ಇಲಾಖೆಯವರಿಗೆ ನಾಣ್ಯವನ್ನೂ ಆ ಚೀಟಿಯನ್ನೂ ಒಟ್ಟಿಗೆ ತೋರಿಸಿ.