ಸಾಲಿ ಫಂಕ್ಷನ್ನಾಗ ಕನ್ನಡದ ಜೊತಿ ಬ್ಯಾರೆ ಭಾಷೆನೂ ಬರಬೇಕಾ? ಕ್ಯಾಂಪ್ ಕಡಿ ಸಾಲಿಯವ್ರು ಹೇಳ್ರಿ

ಸಿಂಧನೂರ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ್ರೀ. ನಾನು ಸಿಂಧನೂರು ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಸಾಲ್ಯಾಗ ಮೇಷ್ಟ್ರು, ಯಾವ ಸಾಲಿ ಅನ್ನೋದು ಬ್ಯಾಡ ಬಿಡ್ರಿ. ಫೆಬ್ರವರಿಯಾಗ ನಮ್ಮ ವಾರ್ಷಿಕೋತ್ಸವ ಐತಿ, ನಿರೂಪಣೆ ನನ್ನ ಕೊಳ್ಳಿಗೆ ಬಿದ್ದೈತಿ.

ಈ ಕಡಿ ಊರುಗಳ ಸಂಗತಿ ಗೊತ್ತಿಲ್ಲದವ್ರಿಗೆ ಹೇಳ್ತೀನಿ. ತುಂಗಭದ್ರಾ ಎಡದಂಡೆ ಕಾಲುವಿ ನೀರು ಬಂದಮ್ಯಾಲೆ ಆಂಧ್ರದ ಕಡಿಂದ ಬಂದು ಭತ್ತ ಹಚ್ಚಿದ ತೆಲುಗು ಮಂದಿ ಕ್ಯಾಂಪ್ ಒಂದು ಕಡಿ, ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವ್ರಿಗೆ ಸರ್ಕಾರ ಭೂಮಿ ಕೊಟ್ಟು ಕೂಡ್ರಿಸಿದ ಬಂಗಾಲಿ ಆರ್.ಎಚ್. ಕ್ಯಾಂಪ್ ಇನ್ನೊಂದು ಕಡಿ, ಹಿಂದ ಲಂಬಾಣಿ ತಾಂಡಾ, ಊರೊಳಗ ಕನ್ನಡದವ್ರು, ಮುಸ್ಲಿಮರ ಓಣಿ. ಒಂದೇ ಕ್ಲಾಸಿನಾಗ ಐದು ಮನಿಮಾತು. ಹುಡುಗ್ರು ಕನ್ನಡ ಚಲೋ ಮಾತಾಡ್ತಾವ, ಆಟದಾಗ ಬೈದಾಡೋದೂ ಕನ್ನಡದಾಗ. ನಮ್ಮ ತಕರಾರು ಇರೋದು ಅವರ ತಂದಿತಾಯಿಗೆ ಹೆಂಗ ಮುಟ್ಟಿಸೋದು ಅನ್ನೋದ್ರ ಮ್ಯಾಲೆ.

ಹೋದ ಆಗಸ್ಟ್ 15ಕ್ಕ ಧ್ವಜಾರೋಹಣ ಆದಮ್ಯಾಲೆ ಮೈಕಿನಾಗ ಎಂಟನೇ ಕ್ಲಾಸಿನ ಮಕ್ಕಳಿಗೆ ಎನ್.ಎಂ.ಎಂ.ಎಸ್. ಪರೀಕ್ಷೆ ಐತಿ, ಪಾಸಾದ್ರ ಒಂಬತ್ತರಿಂದ ಪಿಯುಸಿ ಮುಗಿಯೋ ತನಕ ವರ್ಷಕ್ಕ 12,000 ಸ್ಕಾಲರ್‌ಶಿಪ್ ಬರ್ತೈತಿ, ಆದಾಯ ಪ್ರಮಾಣಪತ್ರ ಮಾಡಿಸಿ ಇಟ್ಕೊಳ್ರಿ ಅಂತ ಹೇಳಿದ್ವಿ. ಎಲ್ಲರೂ ಚಪ್ಪಾಳಿ ತಟ್ಟಿದ್ರು. ಅರ್ಜಿ ತಾರೀಖು ಮುಗಿದ ಮ್ಯಾಲೆ ಕ್ಯಾಂಪಿನ ಒಬ್ಬ ತಾಯಿ ಬಂದ್ರು, ಅವತ್ತು ಎಂಟನೇದವ್ರನ್ನ ಹೊಗಳಾಕತ್ತಾರ ಅಂತ ತಿಳ್ಕೊಂಡು ತಾನೂ ಚಪ್ಪಾಳಿ ಹೊಡೆದಿದ್ದೆ ಅಂದ್ರು. ಮಗಳು ಶಾಣ್ಯಾಕಿ. ಆ ವಾರ ಆಕಿಗೆ ಜ್ವರ ಬಂದು ಸಾಲಿಗೇ ಬಂದಿರಲಿಲ್ಲ.

ಈಗ ಎಸ್‌ಡಿಎಂಸಿ (ಸಾಲಿ ಉಸ್ತುವಾರಿ ಸಮಿತಿ) ಮೀಟಿಂಗ್‌ನಾಗ ನಾಲ್ಕೈದು ಭಾಷೆಯಾಗ ಸ್ವಾಗತ ಮಾಡೋಣ ಅಂತ ಒಬ್ರು ಅಂದ್ರ, ಇದು ಸರ್ಕಾರಿ ಕನ್ನಡ ಸಾಲಿ, ಸ್ಟೇಜ್ ಮ್ಯಾಲೆ ಕನ್ನಡ ಬಿಟ್ಟು ಬ್ಯಾರೆ ಬರಂಗಿಲ್ಲ ಅಂತ ಇನ್ನೊಬ್ರು. ಮೂರನೇದವ್ರು ಊಟ ಎಷ್ಟೊತ್ತಿಗೆ ಅಂತ ಕೇಳಿದ್ರು, ಅವರ ಪ್ರಶ್ನೆನೂ ಖರೇನೇ. ನಿಮ್ಮ ಕಡಿ ಹೆಂಗ ಮಾಡ್ತೀರಿ? ಬಿಇಓ ಆಫೀಸಿನವ್ರು ಏನರೆ ತಕರಾರು ಮಾಡ್ತಾರೇನು?

ಸಿರುಗುಪ್ಪ_ಟೀಚರಮ್ಮ

ಸರ್, ನಮ್ಮ ಸ್ಕೂಲಲ್ಲಿ ಕನ್ನಡ, ತೆಲುಗು ಎರಡೇ, ಅದಕ್ಕೇ ಸಾಕಾಗೋಯ್ತು. ಒಂದು ವರ್ಷ ಭಾರಿ ಉತ್ಸಾಹದಲ್ಲಿ ಪ್ರತಿ ಮಾತೂ ಎರಡು ಸಲ ಹೇಳ್ಸಿದ್ವಿ. ಸ್ವಾಗತ ಎರಡು ಸಲ, ವರದಿ ವಾಚನ ಎರಡು ಸಲ, ಅತಿಥಿಗಳ ಭಾಷಣ ಅಂತೂ ಅವರು ಒಂದು ವಾಕ್ಯ ಹೇಳಿ ನಿಲ್ಲೋದು ನಮ್ಮ ಮೇಷ್ಟ್ರು ತೆಲುಗಲ್ಲಿ ಹೇಳೋದು, ಅತಿಥಿಗಳಿಗೆ ಎಲ್ಲಿಗೆ ಬಂದಿದ್ದೆ ಅಂತಾನೇ ಮರೆತು ಹೋಗೋದು. ಎರಡೂ ಭಾಷೆ ಬರೋರೇ ಮುಕ್ಕಾಲು ಮಂದಿ ಇದ್ರು, ಅವರೆಲ್ಲ ಎದ್ದು ಹೊರಗೆ ಮಿರ್ಚಿ ಬಂಡಿ ಹತ್ರ ನಿಂತ್ರು. ಡ್ಯಾನ್ಸಿಗೆ ಮೇಕಪ್ ಹಾಕಿ ಕೂರಿಸಿದ್ದ ಒಂದನೇ ಕ್ಲಾಸಿನ ಮಕ್ಕಳು ಸ್ಟೇಜ್ ಹಿಂದೆ ಕಿರೀಟ ಸಮೇತ ನಿದ್ದೆ.

ಅದಕ್ಕೆ ಈಗ ಏನ್ ಮಾಡ್ತೀವಂದ್ರೆ ಪ್ರೋಗ್ರಾಂ ಪೂರ್ತಿ ಕನ್ನಡ. ಆದ್ರೆ ದೀಪ ಹಚ್ಚೋಕಿಂತ ಮುಂಚೆ ಜನ ಬಂದು ಕೂರೋ ಟೈಮಲ್ಲಿ ಹೆಂಗೂ ಮೈಕ್ ಟೆಸ್ಟಿಂಗ್ ಅಂತ ಹಲೋ ಹಲೋ ಅಂತಿರ್ತೀವಲ್ಲ, ಅಲ್ಲೇ ತಂದೆತಾಯಿಗೆ ತಿಳಿಲೇಬೇಕಾದ ವಿಷ್ಯ ಅಷ್ಟನ್ನೇ ತೆಲುಗಲ್ಲಿ ಹೇಳ್ಬಿಡ್ತೀವಿ. ಸ್ಕಾಲರ್‌ಶಿಪ್, ಮೊರಾರ್ಜಿ ವಸತಿ ಶಾಲೆ ಪ್ರವೇಶ ಪರೀಕ್ಷೆ, ಆಧಾರ್ ತಿದ್ದುಪಡಿ, ಅಷ್ಟೇ. ಹೇಳೋದು ಏಳನೇ ಕ್ಲಾಸಿನ ಹುಡುಗೀರು. ಮೇಷ್ಟ್ರು ಹೇಳಿದ್ರೆ ಕಿವಿ ಮೇಲೆ ಹಾಕ್ಕೊಳ್ಳಲ್ಲ, ತಮ್ಮ ಓಣಿ ಹುಡುಗಿ ಮೈಕ್ ಹಿಡಿದ್ರೆ ಗಪ್‌ಚುಪ್ ಕೇಳ್ತಾರೆ.

ಬಿಇಓ ಅವರು ಬಂದಿದ್ರು, ಏನೂ ಅಂದಿಲ್ಲ. ನಾಡಗೀತೆ, ರಾಷ್ಟ್ರಗೀತೆ ಹೆಂಗಿರ್ಬೇಕೋ ಹಂಗೇ ಇರ್ತವೆ, ಅದರಲ್ಲಿ ಕೈ ಹಾಕೋ ಪ್ರಶ್ನೆನೇ ಇಲ್ಲ.

ಬಳ್ಳಾರಿ_ಕೋಟೆ

ನನ್ ಮಾತು ಸ್ವಲ್ಪ ಖಾರ ಅನ್ನಿಸ್ಬೋದು. ಸರ್ಕಾರಿ ಸ್ಕೂಲಿನ ಸ್ಟೇಜು ಕನ್ನಡದ್ದಾಗಿರ್ಬೇಕು, ಮುಗೀತು. ಬೆಂಗಳೂರಲ್ಲಿ ಕೂತೋರಿಗೆ ಗೊತ್ತಾಗಲ್ಲ, ಬಳ್ಳಾರಿಯವ್ರಿಗೆ ಗೊತ್ತು. ಮದ್ರಾಸ್ ಪ್ರಾಂತ್ಯದಲ್ಲಿದ್ವಿ, 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ನಾವು ಮೈಸೂರಿಗೆ ಬಂದ್ವಿ, ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದ್ವು. ಬಳ್ಳಾರಿ ತಾಲೂಕು ಯಾರಿಗೆ ಅನ್ನೋದಕ್ಕೆ ನ್ಯಾಯಮೂರ್ತಿ ಮಿಶ್ರಾ ಅವರನ್ನ ಕೂರಿಸ್ಬೇಕಾಯ್ತು. ವಿಲೀನದ ಸಂಭ್ರಮಕ್ಕೆ ಹಾಕಿದ್ದ ಪೆಂಡಾಲ್ ಕಾಯ್ತಿದ್ದ ಪಿಂಜಾರ ರಂಜಾನ್ ಸಾಬ್ ಆ್ಯಸಿಡ್ ಬಲ್ಬ್ ದಾಳಿಗೆ ಜೀವ ಕೊಟ್ರು. ಇಷ್ಟಾದ್ಮೇಲೂ ಇವತ್ತು ಬಳ್ಳಾರಿ ಅಂಗಡೀಲಿ ಕನ್ನಡದಲ್ಲಿ ರೇಟ್ ಕೇಳಿದ್ರೆ ತೆಲುಗಲ್ಲಿ ಉತ್ತರ ಬರುತ್ತೆ.

ಕ್ಯಾಂಪಿನ ಮಕ್ಕಳು ಕನ್ನಡ ಕೇಳೋ ಜಾಗ ಅಂದ್ರೆ ಅದೊಂದೇ ಸ್ಕೂಲು. ಅಲ್ಲೂ ನಿಮ್ಮ ಭಾಷೇಲೇ ಹೇಳ್ತೀವಿ ಬನ್ನಿ ಅಂದ್ರೆ ಕಲಿಯೋದು ಯಾವಾಗ? ಐವತ್ತು ವರ್ಷ ಆದ್ರೂ ದೊಡ್ಡೋರು ಕಲಿತಿಲ್ಲ ಅಂದ್ರೆ ಅದಕ್ಕೆ ನಮ್ಮ ಈ ಧಾರಾಳತನಾನೇ ಕಾರಣ. ಇನ್ನು ಮೇಷ್ಟ್ರೇ, ಬೇಜಾರಾಗ್ಬೇಡಿ, ಆ ಹುಡುಗಿ ಅರ್ಜಿ ತಪ್ಪಿದ್ದು ಫಂಕ್ಷನ್ ಭಾಷೆಯಿಂದಲ್ಲ. ಎಂಟನೇ ಕ್ಲಾಸಲ್ಲಿ ಶಾಣ್ಯಾ ಹುಡುಗಿ ಯಾರು ಅಂತ ಗೊತ್ತಿದ್ದೂ ಯಾರೂ ಮನೆ ಕಡೆ ಹೋಗಿ ಕೇಳಿಲ್ಲ, ಅದು ಕಾರಣ. ಮೈಕಲ್ಲಿ ಒದರಿದ್ರೆ ಕೆಲಸ ಮುಗೀತು ಅನ್ಕೊಳ್ಳೋದೇ ತಪ್ಪು, ಅದು ಒಂದ್ ಭಾಷೇಲಿರ್ಲಿ, ಐದು ಭಾಷೇಲಿರ್ಲಿ.

ಸಿಂಧನೂರ_ಮೇಷ್ಟ್ರು

ಕೊನಿ ಮಾತು ಒಪ್ಪಿದೆ ಸರ್. ಉಳಿದದ್ದು ನೋಡೋಣ, ಬ್ಯಾರೆಯವ್ರೂ ಹೇಳ್ಲಿ.

ಹಳೇ_ರಾಯಚೂರು

ಕೋಟೆಯವ್ರು ಹೇಳಿದ ಇತಿಹಾಸ ಸುಳ್ಳಲ್ಲ, ಖರೇನೇ ಅದ. ಆದ್ರ ರಾಯಚೂರು, ಕೊಪ್ಪಳದ್ದು ಬ್ಯಾರೆ ಕತಿ ಅದ ತಮ್ಮಾ, ಅದನ್ನೂ ಕೇಳು.

ನಾವು ನಿಜಾಮನ ಕೈಯಾಗಿದ್ದವ್ರು. ಹೈದರಾಬಾದಿನಾಗ 1918ರಾಗ ಯೂನಿವರ್ಸಿಟಿನೇ ಉರ್ದುದಾಗ ತೆಗೆದಿದ್ರು, ಅಂದಮ್ಯಾಗ ಸಾಲಿ, ಕಚೇರಿ, ಕೋರ್ಟಿನ ಮಾತು ಕೇಳೋದೇ ಬ್ಯಾಡ. ನಮ್ಮಪ್ಪ ಓದಿದ್ದು ಉರ್ದುದಾಗ, ಸಾಯೋತನಕ ಲೆಕ್ಕ ಮಾಡಿದ್ರ ಬಾಯಾಗ ಉರ್ದು ಅಂಕಿನೇ ಬರ್ತಿದ್ವು. ಆತಗ ಸಾಲ್ಯಾಗ ಒಮ್ಮೆ ಇನಾಮು ಕೊಟ್ರಂತ, ನಮ್ಮಜ್ಜಿ ಅಲ್ಲೇ ಕುಂತಿದ್ದಳು, ಹೆಸರು ಕರೆದಿದ್ದು ಕೇಳ್ಯಾಳ, ಮುಂದ ಹೇಳಿದ್ದು ಯಾತಕ್ಕಂತ ಒಂದೂ ತಿಳಿದಿಲ್ಲ, ಮಗ ಏನೋ ತಪ್ಪು ಮಾಡ್ಯಾನ ಅದಕ್ಕ ಮುಂದ ಕರೆದು ನಿಲ್ಲಿಸ್ಯಾರ ಅಂತ ಅಂಜಿದ್ದಳಂತ. ಇದನ್ನ ನಮ್ಮ ಮನ್ಯಾಗ ನಕ್ಕೋತನೇ ಹೇಳ್ತಾರ, ನನಗ ಮಾತ್ರ ನಗು ಬರಂಗಿಲ್ಲ.

1948ರ ಸೆಪ್ಟೆಂಬರ್ 17ಕ್ಕ ನಮಗ ಬಿಡುಗಡಿ ಆತು. ಪ್ರತಿವರ್ಷ ಆ ದಿನ ಝಂಡಾ ಏರಿಸಿ ಭಾಷಣ ಮಾಡ್ತೀವಿ, ನಮ್ಮ ಮಂದಿಗೆ ನಮ್ಮ ಭಾಷೆಯಾಗ ಕಲಿಯಾಕ ಬಿಡಲಿಲ್ಲ, ಮಾತಾಡಾಕ ಬಿಡಲಿಲ್ಲ ಅಂತ. ಆ ಭಾಷಣ ಕೇಳ್ಕೋತ ಹಿಂದಿನ ಸಾಲಿನಾಗ ತಾಂಡಾದ ತಾಯಿ, ಬಂಗಾಲಿ ತಾಯಿ ಕುಂತಿರ್ತಾರ, ಒಂದೂ ತಿಳೀದೆ. ಇದು ನಮ್ಮ ಕಣ್ಣಿಗೆ ಕಾಣಂಗಿಲ್ಲೇನು?

ಮತ್ತ ಆದೋನಿ, ರಾಯದುರ್ಗ ಹೋದ್ವು ಅಂತೀಯಲ್ಲ, ಅಲ್ಲಿ ಇನ್ನೂ ಕನ್ನಡ ಮೀಡಿಯಂ ಸರ್ಕಾರಿ ಸಾಲಿ ಅದಾವ. ನಮ್ಮ ಕೃಷ್ಣಾ ಸ್ಟೇಷನ್ ಕಡಿ ತೆಲಂಗಾಣದಾಗೂ ಅದಾವ. ಅಲ್ಲಿ ಸ್ಟೇಜ್ ಮ್ಯಾಗ ಒಂದು ಕನ್ನಡ ಮಾತು ಕೇಳಿದ್ರ ನಮ್ಮ ಕಳ್ಳುಬಳ್ಳಿಗೆ ಎಷ್ಟು ಹಿಗ್ಗು ಆಗ್ತದ, ನೀನೇ ವಿಚಾರ ಮಾಡು. ಅಲ್ಲಿ ಬೇಕು, ಇಲ್ಲಿ ಬ್ಯಾಡ ಅಂದ್ರ ಹೆಂಗ?

ಬಳ್ಳಾರಿ_ಕೋಟೆ

ಯಜಮಾನ್ರೇ, ಅಲ್ಲಿರೋ ಕನ್ನಡದವ್ರು ತೆಲುಗು ಕಲಿತೇ ಬದುಕ್ತಿದ್ದಾರೆ, ಅದನ್ನೂ ಹೇಳಿ. ಆದ್ರೂ ನಿಮ್ಮ ಅಜ್ಜಿ ಮಾತು ನಾಟ್ತು.

ಕ್ಯಾಂಪಿನ_ಹುಡುಗಿ

ಇಷ್ಟೊತ್ತು ನಮ್ಮ ಬಗ್ಗೆ ಎಲ್ಲರೂ ಮಾತಾಡಿದ್ರಿ, ಈಗ ನಾನೂ ಮಾತಾಡ್ತೀನಿ. ಆರ್.ಎಚ್. ಕ್ಯಾಂಪಿನವಳು, ಅಲ್ಲೇ ಕನ್ನಡ ಮೀಡಿಯಂ ಓದಿ ಈಗ ನರ್ಸ್ ಕೆಲಸದಲ್ಲಿದ್ದೀನಿ.

ನಮ್ಮಮ್ಮಂಗೆ ಕನ್ನಡ ಬರಲ್ಲ ಅಂತ ಯಾರು ಹೇಳಿದ್ದು? ಸಂತೇಲಿ ಕಾಯಿಪಲ್ಲೆ ಮಾರ್ತಾಳೆ, "ಯಕ್ಕಾ ತಗೋ, ಹೀರಿಕಾಯಿ ಎಳೇವು ಅದಾವ" ಅಂತ ನಿಮಗಿಂತ ಚೆನ್ನಾಗಿ ಕೂಗ್ತಾಳೆ, ಚೌಕಾಸಿಗೆ ನಿಂತ್ರೆ ಊರಿನ ಅಕ್ಕಂದಿರೇ ಸೋತು ಹೋಗ್ತಾರೆ. ಆದ್ರೆ ಫಂಕ್ಷನ್‌ಗೆ ಬಂದ್ರೆ ಮೈಕಲ್ಲಿ ಬರೋದು "ವೇದಿಕೆಯ ಮೇಲೆ ಆಸೀನರಾಗಿರುವ ಸಕಲ ಗಣ್ಯಮಾನ್ಯರಿಗೂ ಹೃತ್ಪೂರ್ವಕ ಸುಸ್ವಾಗತವನ್ನು ಕೋರುತ್ತಾ ಪ್ರಾಸ್ತಾವಿಕ ನುಡಿಗಳನ್ನಾಡಲು ವಿನಮ್ರವಾಗಿ ವಿನಂತಿಸಿಕೊಳ್ಳುತ್ತೇನೆ". ಇದು ಸಂತೆಯಲ್ಲಿ ಎಲ್ಲಿ ಸಿಗುತ್ತೆ ಸರ್? ಪಕ್ಕದಲ್ಲಿ ಕೂತಿರೋ ಊರ ಗೌಡ್ರ ಮನೆ ಅಜ್ಜಿನೂ ನಮ್ಮಮ್ಮನ ಥರಾನೇ ಬಾಯಿ ತೆಗೆದು ನೋಡ್ತಿರ್ತಾರೆ, ಅವರು ಕನ್ನಡದವ್ರು ಅಂತ ಯಾರೂ ಅವರನ್ನ ಏನೂ ಅನ್ನಲ್ಲ ಅಷ್ಟೇ. ಅದಕ್ಕೆ ಮೊದಲು ನೀವು ಮನೇಲಿ ಆಡೋ ಕನ್ನಡ ಮೈಕಲ್ಲಿ ಆಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.

ಇನ್ನೊಂದು ಮಾತು, ಕೋಪ ಇಟ್ಕೊಂಡೇ ಹೇಳ್ತಿದ್ದೀನಿ. ಪ್ರತಿ ವರ್ಷ ನಮಗೆ ಬಿಳಿ ಸೀರೆಗೆ ಕೆಂಪು ಅಂಚು ಉಡಿಸಿ ಬಂಗಾಲಿ ಹಾಡಿಗೆ ಡ್ಯಾನ್ಸ್ ಮಾಡ್ಸ್ತಿದ್ರು. ತಾಂಡಾ ಹುಡುಗೀರಿಗೆ ಕನ್ನಡಿ ಹಚ್ಚಿದ ಡ್ರೆಸ್ ಹಾಕಿಸಿ ಲಂಬಾಣಿ ಡ್ಯಾನ್ಸ್, ಅತಿಥಿಗಳಿಗೆ ಅದೇ ಫೋಟೋ ಬೇಕು. ಆಗ ಯಾರೂ ಇದು ಕನ್ನಡ ಸ್ಕೂಲು ಅನ್ನಲಿಲ್ಲ. ಕುಣಿಯೋಕೆ ನಮ್ಮ ಭಾಷೆ ಸ್ಟೇಜ್ ಹತ್ತಬಹುದು, ಅಮ್ಮಂಗೆ ಸ್ಕಾಲರ್‌ಶಿಪ್ ವಿಷ್ಯ ಹೇಳೋಕೆ ಮಾತ್ರ ಹತ್ತಬಾರ್ದಾ?

ಕುಷ್ಟಗಿ_ಎಕ್ಸ್‌ಪ್ರೆಸ್

ತಂಗಿ, ಸರಿಯಾಗಿ ಕೊಟ್ಟಿ 👏

ನಾನು ತಾಂಡಾದವ. ಮೇಷ್ಟ್ರ ಗಮನಕ್ಕ ಒಂದು. ತೆಲುಗು, ಬಂಗಾಲಿ, ಉರ್ದು ಮೂರೂ ಸಂವಿಧಾನದ ಎಂಟನೇ ಅನುಸೂಚಿಯಾಗ ಅದಾವ, ಲಿಪಿ ಐತಿ, ಪುಸ್ತಕ ಅದಾವ, ಬೇಕಂದ್ರ ಸಂವಿಧಾನ ಪೀಠಿಕೆನೂ ಆ ಭಾಷೆಯಾಗ ಸಿಗ್ತೈತಿ. ನಮ್ಮ ಲಂಬಾಣಿ ಮಾತಿಗೆ ಅನುಸೂಚಿನೂ ಇಲ್ಲ, ಸ್ವಂತ ಲಿಪಿನೂ ಇಲ್ಲ. ಇನ್ವಿಟೇಷನ್ ಕಾರ್ಡಿನಾಗ ನಾಲ್ಕು ಲಿಪಿ ಹಾಕಿ ಎಲ್ಲರನ್ನೂ ಕರೆದಂಗಾತು ಅಂತ ಬಿಟ್ರ ಎಲ್ಲಾ ಸಲದಂಗ ಈ ಸಲನೂ ತಾಂಡಾನೇ ಹೊರಗ ಉಳೀತೈತಿ. ಅದಕ್ಕ ಕಾರ್ಡು ಬ್ಯಾಡ, ವಾಟ್ಸಾಪಿನಾಗ ಆಡಿಯೋ ಮಾಡಿ ಬಿಡ್ರಿ. ದುಡಿಯಾಕ ಗೋವಾ, ಪುಣೆ ಕಡಿ ಗುಳೆ ಹೋದ ತಂದಿತಾಯಿಗೂ ಮುಟ್ತೈತಿ, ಮುದುಕರ ಕೈಯಾಗ ಬಿಟ್ಟು ಹೋದ ಮಕ್ಕಳ ಸುದ್ದಿ ಅವ್ರಿಗೂ ಬೇಕಲ್ಲ.

ಹುಡುಗ್ರ ಕೈಲೆ ಹೇಳಿಸೋದು ಚಲೋ ಐಡಿಯಾ, ಆದ್ರ ಎಲ್ಲಾದಕ್ಕೂ ಅಲ್ಲ. ನಾನು ನಾಲ್ಕನೇದಾಗಿದ್ದಾಗ ಮೇಷ್ಟ್ರು ನಮ್ಮಪ್ಪನ ಮುಂದ ನಿಲ್ಲಿಸಿ ಇವ ಒಂದೂ ಅಕ್ಷರ ಓದಂಗಿಲ್ಲ ಅಂತ ಹೇಳು ನಿಮ್ಮಪ್ಪಗ ಅಂದ್ರು, ನಾನು ಲಂಬಾಣಿಯಾಗ ಮೇಷ್ಟ್ರು ನನ್ನ ಭಾಳ ಹೊಗಳಾಕತ್ತಾರ ಅಂತ ಹೇಳಿದೆ. ಅಪ್ಪ ಕೈ ಮುಗಿದ, ಮೇಷ್ಟ್ರು ತಲಿ ಅಲ್ಲಾಡಿಸಿದ್ರು, ಇಬ್ರೂ ಖುಷಿ.

ಗಂಗಾವತಿ_ಟು_ಡಲ್ಲಾಸ್

ಹೊರಗಿನ ಮಾತು ಒಂದ್ ಸ್ವಲ್ಪ. ಇಲ್ಲಿ ಅಮೆರಿಕಾದಾಗೂ ಇದೇ ಜಗಳ ಐತ್ರಿ. ಸಮಾರಂಭ ಇಂಗ್ಲಿಷಿನಾಗ ನಡೀತೈತಿ, ಆದ್ರ ಸ್ಪ್ಯಾನಿಶ್ ಮಾತಾಡೋ ತಂದಿತಾಯಿ ಭಾಳ ಇದ್ದಲ್ಲಿ ಎಷ್ಟೋ ಸಾಲ್ಯಾಗ ಕಿವಿಗೆ ಹೆಡ್‌ಫೋನ್ ಕೊಟ್ಟು ಅನುವಾದ ಕೇಳಿಸ್ತಾರ, ಸ್ಟೇಜಿನ ಟೈಮ್ ಹಾಳಾಗಂಗಿಲ್ಲ. 1964ರ ಸಿವಿಲ್ ರೈಟ್ಸ್ ಕಾಯ್ದೆ, 1974ರಾಗ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಕೇಸಿನಾಗ, ಇಂಗ್ಲಿಷ್ ಬರದ ಮಕ್ಕಳಿಗೆ ಸಾಲಿಯವ್ರು ನೆರವು ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಇವೆರಡು ಇದಕ್ಕ ಬುನಾದಿ. 2025ರ ಮಾರ್ಚ್‌ನಾಗ ಇಂಗ್ಲಿಷೇ ಅಧಿಕೃತ ಭಾಷೆ ಅಂತ ಪ್ರೆಸಿಡೆಂಟ್ ಆರ್ಡರ್ ಹೊಂಟೈತಿ, ಹಿಂಗಾಗಿ ಜಗಳ ಮತ್ತ ಜೋರು. ಹೆಡ್‌ಫೋನ್ ನಿಮಗ ಬ್ಯಾಡ ಬಿಡ್ರಿ, ಭಾಷೆ ಬರೋ ಒಬ್ಬ ಹಳೇ ವಿದ್ಯಾರ್ಥಿನ ಆಯಾ ಗುಂಪಿನ ನಡುವ ಕೂಡ್ರಿಸಿದ್ರ ಸಾಕು, ಮೆಲ್ಲಕ ಹೇಳ್ಕೋತ ಇರ್ತಾನ.

ಸಿರುಗುಪ್ಪ_ಟೀಚರಮ್ಮ

ಈ ಹಳೇ ವಿದ್ಯಾರ್ಥಿ ಐಡಿಯಾ ನಾನು ಕದ್ದೆ 😄

ಸಿಂಧನೂರ_ಮೇಷ್ಟ್ರು

ಎಲ್ಲರಿಗೂ ಥ್ಯಾಂಕ್ಸ್ ರೀ. ನಿನ್ನೆ ಹೆಡ್‌ಮಾಸ್ಟರ್ ಜೊತಿ ಕುಂತು ಮಾತಾಡಿದೆ. ನಿರೂಪಣೆ ಪೂರ್ತಿ ಕನ್ನಡದಾಗ, ಆದ್ರ ಆಸೀನರಾಗಿರುವ ಗಣ್ಯಮಾನ್ಯರನ್ನ ಈ ಸಲ ಬರೇ ಕೂಡ್ರಿಸ್ತೀನಿ. ನಾಡಗೀತೆಗಿಂತ ಮುಂಚೆ ಸ್ಕಾಲರ್‌ಶಿಪ್, ವಸತಿ ಶಾಲೆ ವಿಷ್ಯ ಐದೂ ಮಾತಿನಾಗ, ಭಾಷೆಗೆ ಎರಡು ನಿಮಿಷ, ಒಂದು ಉಸಿರು ಹೆಚ್ಚಿಲ್ಲ. ಲಂಬಾಣಿ ಆಡಿಯೋ ಮಾಡಾಕ ತಾಂಡಾದ ಆಶಾ ಕಾರ್ಯಕರ್ತೆ ಒಪ್ಪ್ಯಾರ. ಬಂಗಾಲಿ, ಲಂಬಾಣಿ ಡ್ಯಾನ್ಸ್ ಹುಡುಗ್ಯಾರನ್ನೇ ಕೇಳಿ ಇಡೋದು, ಬ್ಯಾಡಂದ್ರ ಬ್ಯಾಡ. ಎಂಟನೇದವ್ರ ಮನಿಗೆ ನಾವೇ ಹೋಗೋದು ಅಂತನೂ ಆತು, ಕೋಟೆ ಸರ್ ನಿಮ್ಮ ಮಾತಿಗೆ.

ಒಂದೇ ಅಡಚಣಿ. ಕಾರ್ಡಿನಾಗ ಕೆಳಗ ಎರಡು ಸಾಲು ಬಂಗಾಲಿ ಹಾಕೋಣ ಅಂದ್ರ ಪ್ರೆಸ್ಸಿನವ ಆ ಅಕ್ಷರ ನನ್ನ ಕಂಪ್ಯೂಟರಿನಾಗ ಇಲ್ಲ ಅಂತಾನ.

ಬಳ್ಳಾರಿ_ಕೋಟೆ

ಹಾಕಿ. ಕನ್ನಡ ಮೇಲೆ ಇರ್ಲಿ, ಸೈಜ್ ದೊಡ್ಡದಿರ್ಲಿ. ಮತ್ತೆ ಆ ಕಾರ್ಡಲ್ಲಿ ಕನ್ನಡ ಕಾಗುಣಿತ ತಪ್ಪಿಲ್ದೇ ಬರ್ಲಿ ಸರ್, ನಮ್ಮ ಕಡೆ ಪ್ರೆಸ್ಸಲ್ಲಿ ಪ್ರತಿ ಸಲ "ಹಾರ್ಧಿಕ" ಅಂತಾನೇ ಬರುತ್ತೆ.

ಕ್ಯಾಂಪಿನ_ಹುಡುಗಿ

ಸರ್, ಮ್ಯಾಟರ್ ನನಗೆ ಕಳ್ಸಿ. ಮೊಬೈಲಲ್ಲಿ ಬಂಗಾಲಿ ಟೈಪ್ ಮಾಡಿ ಪಿಡಿಎಫ್ ಮಾಡಿ ಕೊಡ್ತೀನಿ, ಪ್ರೆಸ್ಸಿನವ್ರು ಅದನ್ನ ಫೋಟೋ ಥರ ಇಟ್ಟು ಪ್ರಿಂಟ್ ಹೊಡೀಬಹುದು, ಫಾಂಟ್ ಬೇಕಾಗಲ್ಲ. ನೈಟ್ ಡ್ಯೂಟಿ ಇದೆ, ಶುಕ್ರವಾರದೊಳಗೆ ಕಳ್ಸಿದ್ರೆ ಭಾನುವಾರ ಕೊಡ್ತೀನಿ. ಎರಡು ಸಾಲು ಅಂದ್ರೆ ಎರಡೇ ಸಾಲು ಕಳ್ಸಿ, ಘನ ಅಧ್ಯಕ್ಷತೆ ಅದೂ ಇದೂ ಬೇಡ.