ಆರ್‌ಎಕ್ಸ್ 100ಕ್ಕೆ ಕಾರ್ಬನ್ ರೀಡ್: 20% ಪವರ್ ಏರುತ್ತೆ ಅನ್ನೋದು ನಿಜಾನಾ?

ಹಾಸನ_ಆರ್‌ಎಕ್ಸ್:
ಗಾಡಿ 1994ರ ಯಮಹಾ ಆರ್‌ಎಕ್ಸ್ 100. ಬೋರ್ (ಸಿಲಿಂಡರ್ ಅಗಲ) ಸ್ಟ್ಯಾಂಡರ್ಡ್, ಪೋರ್ಟಿಗೆ (ಮಿಶ್ರಣ, ಹೊಗೆ ಓಡಾಡೋ ಸಿಲಿಂಡರ್ ತೂತು) ಕೈ ಹಚ್ಚಿಲ್ಲ, ಕಂಪನಿ ಸೈಲೆನ್ಸರ್. ಬೆಳಗ್ಗೆ ಏಳೆಂಟು ಕಿಕ್ ಬೇಕು, ಐಡ್ಲಿಂಗ್ ನಿಲ್ಲಲ್ಲ, ಏರ್ ಫಿಲ್ಟರ್ ಪೆಟ್ರೋಲಲ್ಲಿ ಒದ್ದೆ. ಕಾರ್ಬನ್ ಪೆಟಲ್ (ರೀಡ್ ವಾಲ್ವಿನ ತೆಳು ಎಲೆ) ಇರೋ ಒಂದು ರೀಡ್ ಕಿಟ್ ಮೇಲೆ '20% ಹೆಚ್ಚು ಪವರ್, ಜೆಟ್ ಬದಲಿಸೋದು ಬೇಡ' ಅಂತ ಬರೆದಿದೆ (ಜೆಟ್ ಅಂದ್ರೆ ಕಾರ್ಬೊರೇಟರಲ್ಲಿ ಪೆಟ್ರೋಲ್ ಅಳತೆ ಮಾಡಿ ಬಿಡೋ ಸಣ್ಣ ತೂತಿನ ಬಿಡಿಭಾಗ). ನಂಬಬಹುದಾ?

ಎರಡು_ಏಟು:
ಮೊದಲು ಲೆಕ್ಕ ಹಾಕಿ. ಹೊಸ ಗಾಡಿಗೆ 7500 ಆರ್‌ಪಿಎಂನಲ್ಲಿ 11 ಬಿಎಚ್‌ಪಿ. 20% ಅಂದ್ರೆ 13.2. ಪೋರ್ಟು, ಸೈಲೆನ್ಸರ್ ಎರಡನ್ನೂ ಮುಟ್ಟದೆ ಬರೀ ಪೆಟಲ್ ಬದಲಿಸಿದ್ರೆ ಅಷ್ಟು ಎಲ್ಲಿಂದ ಬರಬೇಕು? ರೀಡ್ ಅನ್ನೋದು ಒಳಕ್ಕೆ ಮಾತ್ರ ಬಿಡೋ ಬಾಗಿಲು. ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್‌ಕೇಸಲ್ಲಿ (ಪಿಸ್ಟನ್ ಕೆಳಗಿನ ಕೋಣೆ) ಒತ್ತಡ ಇಳಿದು ತೆರೆಯುತ್ತೆ, ಕೆಳಗಿಳಿಯುವಾಗ ಮುಚ್ಚುತ್ತೆ. ಬಾಗಿಲು ಚಿನ್ನದ್ದಾದ್ರೂ ಮನೆ ದೊಡ್ಡದಾಗಲ್ಲ.

ಇಂಥ ಅಂಕಿ ಬರೋ ಸುಲಭದ ದಾರಿ ಅಂದ್ರೆ ಸವೆದ ಹಳೇ ಪೆಟಲಿಗೆ ಹೋಲಿಸೋದು. ನೀವು ಹೇಳಿದ ಮೂರೂ ಲಕ್ಷಣ ಪೆಟಲ್ ಸರಿಯಾಗಿ ಕೂರ್ತಿಲ್ಲ ಅನ್ನೋದಕ್ಕೇ ಹೊಂದುತ್ತೆ. ಒಳಗೆ ಹೋದ ಮಿಶ್ರಣ ಕಾರ್ಬೊರೇಟರ್ ಕಡೆಗೆ ವಾಪಸ್ ಉಗುಳ್ತಿದೆ. ಹೊಸ ಕಂಪನಿ ಪೆಟಲ್ ಹಾಕಿದ್ರೂ ಗಾಡಿ 'ಹಾರುತ್ತೆ'. ಆ ಕ್ರೆಡಿಟ್ ಕಾರ್ಬನ್ನಿಗೆ ಕೊಡಬೇಡಿ.

ವ್ಯತ್ಯಾಸ ಇಲ್ಲವೇ ಇಲ್ಲ ಅಂತಲ್ಲ. ಪೆಟಲಿನ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತೆ: ಒಂದೇ ಲೋಹದಲ್ಲಿ 0.20 ಮಿ.ಮೀ. ಬದಲು 0.15 ಹಾಕಿದ್ರೆ ಬಿಗಿ ಸುಮಾರು 42%ಗೆ ಇಳಿಯುತ್ತೆ. ಮೆತ್ತಗಿದ್ರೆ ಕೆಳಗಿನ ಆರ್‌ಪಿಎಂನ ಪಿಕಪ್ ಚೆನ್ನಾಗಿರುತ್ತೆ. ಆದ್ರೆ 7500ರಲ್ಲಿ ಸೆಕೆಂಡಿಗೆ 125 ಸಲ ತೆರೆದು ಮುಚ್ಚಬೇಕು, ಆಗ ಹೊತ್ತಿಗೆ ಸರಿಯಾಗಿ ಮುಚ್ಚದೆ ಪಟಪಟ ಬಡಿಯುತ್ತೆ. ಕಾರ್ಬನ್ ಬಿಗಿಗೆ ಹೋಲಿಸಿದ್ರೆ ಹಗುರ, ಅದಕ್ಕೇ ಆ ಬಡಿತ ಇನ್ನೂ ಮೇಲಿನ ಆರ್‌ಪಿಎಂಗೆ ಹೋಗುತ್ತೆ. ಪೋರ್ಟ್ ಕೆತ್ತಿ ದೊಡ್ಡದು ಮಾಡಿ, ಎಕ್ಸ್‌ಪಾನ್ಶನ್ ಚೇಂಬರ್ (ಉಬ್ಬಿದ ರೇಸ್ ಸೈಲೆನ್ಸರ್) ಹಾಕಿದ ಎಂಜಿನ್ನಿಗೆ ಅದು ಬೇಕು. ನಿಮ್ಮದಕ್ಕಲ್ಲ.

ಸ್ಪ್ಯಾನರ್ ನಂ. 10:
ಮೇಲಿನ ಮಾತು ಸರಿ. ದುಡ್ಡು ಕೊಡೋ ಮುಂಚೆ ರೀಡ್ ಬ್ಲಾಕ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಪೆಟಲ್ ತುದಿಗೂ ಸೀಟಿಗೂ ನಡುವೆ ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಹಾಕಿ. 0.3 ಮಿ.ಮೀ. ದಾಟಿದ್ರೆ ಬದಲಿಸಿ. ಬ್ಲಾಕ್ ಒಳಗೆ ಪೆಟ್ರೋಲ್ ಸುರಿದಾಗ ಹನಿ ಹನಿ ಬಿದ್ರೆ ಪರವಾಗಿಲ್ಲ, ಧಾರೆ ಬಂದ್ರೆ ಪೆಟಲ್ ಕತೆ ಮುಗೀತು. ಸೀಟಿನ ರಬ್ಬರ್ ಎದ್ದಿದ್ರೆ ಎಂಥ ಪೆಟಲ್ ಹಾಕಿದ್ರೂ ವ್ಯರ್ಥ.

ಹಾಕುವಾಗ ಪೆಟಲ್ಲಿಗೂ ಸ್ಟಾಪರಿಗೂ (ಪೆಟಲ್ ಅತಿಯಾಗಿ ತೆರೆಯದಂತೆ ತಡೆಯೋ ಪಟ್ಟಿ) ಒಂದೊಂದು ಮೂಲೆ ಕತ್ತರಿಸಿರುತ್ತೆ, ಎರಡೂ ಒಂದೇ ಕಡೆ ಬರಬೇಕು. ಸಣ್ಣ ಸ್ಕ್ರೂಗಳಿಗೆ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲ ಆಗದಂತೆ ಹಿಡಿಯೋ ಅಂಟು) ಒಂದು ಹನಿ ಹಾಕಿ, ಸುಮಾರು 1 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ, ಅಷ್ಟೇ. ಕಳಚಿ ಬಿದ್ದ ಸ್ಕ್ರೂ ನೇರ ಕ್ರ್ಯಾಂಕಿಗೆ. ಗ್ಯಾಸ್ಕೆಟ್ ಹೊಸದೇ ಇರಲಿ, ಮ್ಯಾನಿಫೋಲ್ಡ್ ರಬ್ಬರ್ ಬಗ್ಗಿಸಿ ಬಿರುಕಿದೆಯಾ ನೋಡಿ. ಅಲ್ಲಿ ಗಾಳಿ ಎಳೆದ್ರೆ ಮಿಶ್ರಣ ತೆಳುವಾಗಿ ಪಿಸ್ಟನ್ ಜಾಮ್ ಆಗುತ್ತೆ, ಬೈಗುಳ ಮಾತ್ರ ರೀಡಿಗೆ.

'ಜೆಟ್ ಬೇಡ' ಅನ್ನೋದು ತಮಾಷೆ. ಗಾಳಿ ನಿಜಕ್ಕೂ ಹೆಚ್ಚು ಹೋದ್ರೆ ಜೆಟ್ಟಿಂಗ್ ನೋಡಲೇಬೇಕು. ಜೆಟ್ ಬೇಕೇ ಆಗಲ್ಲ ಅಂದ್ರೆ ಗಾಳಿ ಹೆಚ್ಚಾಗಿಲ್ಲ ಅಂತಲೇ ಅರ್ಥ! ಪೂರ್ತಿ ಥ್ರಾಟಲಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಪ್ಲಗ್ ತೆಗೀರಿ. ಬಿಸ್ಕತ್ ಬಣ್ಣ ಸರಿ, ಬೆಳ್ಳಗಿದ್ರೆ ಮೇನ್ ಜೆಟ್ ಒಂದು ಸೈಜ್ ಮೇಲೆ.

ಮೈಸೂರು_ಯೆಜ್ಡಿ:
ಹಳೇ ಟೂಸ್ಟ್ರೋಕ್ ಯೆಜ್ಡಿಗೂ ಈ ಕಿಟ್ ಹಾಕಬಹುದಾ?

ಎರಡು_ಏಟು:
ಅದರಲ್ಲಿ ರೀಡೇ ಇಲ್ಲ ಸರ್. ಪಿಸ್ಟನ್ ಸ್ಕರ್ಟೇ (ಪಿಸ್ಟನ್ನಿನ ಕೆಳಭಾಗ) ಇನ್‌ಲೆಟ್ ತೆರೆದು ಮುಚ್ಚುತ್ತೆ. ಬ್ಯಾರಲ್ (ಸಿಲಿಂಡರ್) ಕತ್ತರಿಸಿ ವೆಲ್ಡ್ ಮಾಡೋ ಕೆಲಸ ಅದು, ಕಿಟ್ ಕೆಲಸ ಅಲ್ಲ.

ಹಾಸನದವರೇ, ಕಿಟ್ ಪರೀಕ್ಷಿಸಲೇಬೇಕು ಅಂದ್ರೆ ಹೊಸ ಕಂಪನಿ ಪೆಟಲಿಗೆ ಹೋಲಿಸಿ. ಎಂಜಿನ್ ಬಿಸಿ ಆದಮೇಲೆ ಖಾಲಿ ಸಮತಟ್ಟು ರಸ್ತೇಲಿ, ಮೂರನೇ ಗೇರಲ್ಲಿ 30ರಿಂದ 60ಕ್ಕೆ ಎಷ್ಟು ಸೆಕೆಂಡ್ ಅಂತ ಜಿಪಿಎಸ್‌ನಲ್ಲಿ ಅಳೆಯಿರಿ. ಹೋಗ್ತಾ ಐದು, ಬರ್ತಾ ಐದು. ಒಂದೇ ಪೆಟಲಿನ ಹತ್ತು ಓಟದ ನಡುವೆ ಇರೋ ಏರುಪೇರಿಗಿಂತ ವ್ಯತ್ಯಾಸ ಕಮ್ಮಿ ಇದ್ರೆ, ಅದು ವ್ಯತ್ಯಾಸವೇ ಅಲ್ಲ.

ಹಾಸನ_ಆರ್‌ಎಕ್ಸ್:
ಬಿಚ್ಚಿದೆ. ಸ್ಟೀಲ್ ಪೆಟಲ್ ಒಂದರ ಮೂಲೆ ಚೂರು ಇಲ್ಲ. ಹೊಸ ಕಂಪನಿ ಸೆಟ್ ತಂದು ಹಾಕಿಬಿಡಲಾ?

ಸ್ಪ್ಯಾನರ್ ನಂ. 10:
ಈಗಲೇ ಬೇಡ, ಕಿಕ್ ಕೂಡ ಹೊಡೀಬೇಡಿ. ಆ ಚೂರು ಎಂದೋ ಸೈಲೆನ್ಸರ್ ಕಡೆ ಹೋಗಿರಬಹುದು, ಕ್ರ್ಯಾಂಕ್‌ಕೇಸ್ ತಳದಲ್ಲೂ ಕೂತಿರಬಹುದು. ಹೆಡ್, ಬ್ಯಾರಲ್ ಎತ್ತಿ ಪಿಸ್ಟನ್ ಸ್ಕರ್ಟ್ ಮೇಲೆ, ಪೋರ್ಟ್ ಅಂಚಿನಲ್ಲಿ ಗೀರು ಇದೆಯಾ ನೋಡಿ. ಟಾರ್ಚ್ ಹಾಕಿ ಕ್ರ್ಯಾಂಕ್ ನಿಧಾನಕ್ಕೆ ಕೈಯಲ್ಲಿ ತಿರುಗಿಸಿ ಹುಡುಕಿ. ಸ್ಟೇನ್‌ಲೆಸ್ ಆಗಿದ್ರೆ ಮ್ಯಾಗ್ನೆಟ್ ಹಿಡಿಯದೆಯೂ ಇರಬಹುದು, ಅದನ್ನೇ ನಂಬಬೇಡಿ. ಕಾಣದಿದ್ರೆ ಎಂಜಿನ್ ಇಳಿಸಿ ತಲೆಕೆಳಗು ಮಾಡಿ ಪೆಟ್ರೋಲಲ್ಲಿ ತೊಳೆಯೋದೇ. ಆಮೇಲೆ ಬಿಗ್ ಎಂಡಿಗೆ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್) ಟೂಸ್ಟ್ರೋಕ್ ಆಯಿಲ್ ಬಿಡೋದು ಮರೀಬೇಡಿ.