ತೋಟದ್ಮನೆ ಬಳಗ: ಬಾಯಿ ಒರೆಸೋ ಯಂತ್ರದ ಜಗಳ

ದೊಡ್ಡಪ್ಪ (ಫಾರ್ವರ್ಡ್): ಅಮೆರಿಕದ ವಿಜ್ಞಾನಿ ರೂಬ್ ಗೋಲ್ಡ್‌ಬರ್ಗ್ ಊಟದ ಮಧ್ಯೆ ತಾನೇ ಬಾಯಿ ಒರೆಸುವ ಯಂತ್ರ ಕಂಡುಹಿಡಿದಿದ್ದ!! ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ನೋಡಿ, ಮನುಷ್ಯ ಎಷ್ಟು ಸೋಮಾರಿಯಾದ. ಬಾಯಿ ಒರೆಸೋಕೂ ಕೈ ಬೇಡ.

ಶ್ರೀಧರ ಭಾವ: ಮಾವ, ಎಲ್ಲಿಂದ ಬಂತು ಇದು? ಆತ ವಿಜ್ಞಾನಿ ಅಲ್ಲ, ವ್ಯಂಗ್ಯಚಿತ್ರಕಾರ. ಇದು ಬರೀ ಚಿತ್ರ. ಚಮಚ ಎತ್ತಿದ್ರೆ ದಾರ ಎಳೆದು ಸೌಟು ಬಿಸ್ಕತ್ತು ಎಸೆಯತ್ತೆ, ಗಿಳಿ ಅದಕ್ಕೆ ಹಾರತ್ತೆ, ಅದು ಕೂತಿದ್ದ ಕೋಲು ವಾಲಿ ಕಾಳು ಬಕೆಟ್ಟಿಗೆ ಬೀಳತ್ತೆ, ಆ ಭಾರಕ್ಕೆ ಲೈಟರ್ ಹೊತ್ತಿ ರಾಕೆಟ್ ಹಾರಿ, ಕುಡುಗೋಲು ದಾರ ಕತ್ತರಿಸಿ, ತೂಗಾಡೋ ಬಟ್ಟೆ ಗಲ್ಲ ಒರೆಸತ್ತೆ. ಇಂಥದ್ದಕ್ಕೆ ಅವನ ಹೆಸರನ್ನೇ ವಿಶೇಷಣ ಅಂತ 1931ರಲ್ಲಿ ಮೆರಿಯಂ-ವೆಬ್‌ಸ್ಟರ್ ನಿಘಂಟಿಗೆ ಸೇರಿಸಿದ್ರು.

ದೊಡ್ಡಪ್ಪ: ನಮ್ಮಲ್ಲಿ ದ್ರಾವಿಡ ಪ್ರಾಣಾಯಾಮ ಅಂತ ಹಿಂದಿನಿಂದಲೂ ಇದೆ. ಅವರ ನಿಘಂಟು ಯಾಕೆ?

ಪುಟ್ಟು: ಅವನೂ ಇಂಜಿನಿಯರ್ರೇ ದೊಡ್ಡಪ್ಪ. 1904ರಲ್ಲಿ ಬರ್ಕ್ಲಿಯಲ್ಲಿ ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೀರು-ಚರಂಡಿ ಇಲಾಖೆ ಕೆಲಸ ಬಿಟ್ಟು ಚಿತ್ರ ಬರೆಯೋಕೆ ಹೋದ. 1948ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ದೊಡ್ಡಪ್ಪ: ನೀನೂ ಬಿಟ್ಟು ಬಂದೆಯಲ್ಲ. ನಿಮ್ಮಪ್ಪ ಸಾಲ ಮಾಡಿ ಸೀಟು ಕೊಡಿಸಿದ್ದು ನೆನಪಿರಲಿ.

ಚಿಕ್ಕಮ್ಮ: ಭಾವ, ಆ ಸಾಲ ನಾವೇ ತೀರಿಸಿದ್ದೀವಿ. ಕೈಚಾಚಿದಾಗ ಈ ಗುಂಪಿನಲ್ಲಿ ಯಾರೂ ಉಸಿರೆತ್ತಿರಲಿಲ್ಲ.

ಅತ್ತೆ: ಬಿಡ್ರೋ. ಹಂದಿ ಕಾಟಕ್ಕೆ ಅಪ್ಪಯ್ಯ ಹಳ್ಳದ ಬದಿ ಕಟ್ಟಿದ್ದ ಬಿದಿರು ಯಾರಿಗೆ ನೆನಪಿದೆ? ನೀರು ತುಂಬಿದ್ರೆ ಮುಂದೆ ವಾಲಿ ಚೆಲ್ಲೋದು, ಹಿಂದಿನ ತುದಿ ಬಿದ್ದು ಡಬ್ಬಕ್ಕೆ ಟಣ್! ಬೆಳಗಿನ ತನಕ. ನಮ್ಮನೆ ಗೋಲ್ಡ್‌ಬರ್ಗು ಅದು!

ನಾನು: ಅಲ್ಲ ಅತ್ತೆ. ಒಂದು ಬಿದಿರು, ಒಂದು ಅಡ್ಡಕಡ್ಡಿ, ಹರಿಯೋ ನೀರು, ಅಷ್ಟೇ. ರಾತ್ರಿಯಿಡೀ ಗದ್ದೆ ಕಾಯೋ ಕಷ್ಟ ತಪ್ಪಿಸಿದ್ರು ಅಜ್ಜ. ಆ ಹೆಸರಿರೋದು ಸುಲಭದ್ದನ್ನ ಕಷ್ಟ ಮಾಡೋದಕ್ಕೆ. ದಯವಿಟ್ಟು ಅಜ್ಜನ ಕೆಲಸಕ್ಕೆ ಅದನ್ನ ಇಡಬೇಡಿ.

ಶ್ರೀಧರ ಭಾವ: ಅವಮಾನ ಏನಿದೆ? ಇಂಗ್ಲೆಂಡಿನವರು ಇಂಥದ್ದಕ್ಕೆ ಹೀತ್ ರಾಬಿನ್ಸನ್ ಅಂತಾರೆ, ಅವನೂ ಚಿತ್ರಕಾರ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಗುಪ್ತಲಿಪಿ ಒಡೆಯೋಕೆ ಅಲ್ಲಿನ ಬ್ಲೆಚ್ಲಿ ಪಾರ್ಕಲ್ಲಿ ಬಳಸಿದ ಯಂತ್ರಕ್ಕೂ ಅದೇ ಹೆಸರಿಟ್ಟಿದ್ರು.

ನಾನು: ಅವರ ಯಂತ್ರಕ್ಕೆ ಅವರು ಇಟ್ಟುಕೊಳ್ಳಲಿ ಭಾವ. ಅಜ್ಜನದ್ದು ಬೇರೆ.

ಅತ್ತೆ: ನಾನೆಲ್ಲಿ ಅಪ್ಪಯ್ಯನ್ನ ಬೈದೆ?

ಚಿಕ್ಕಪ್ಪ: ಪಾಲು ಮಾಡುವಾಗ ಆ ಹಳ್ಳದ ಬದಿ ಗದ್ದೆ ಯಾರಿಗೆ ಹೋಯ್ತು ಅಂತಲೂ ಹೇಳಿ.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ.

ಅತ್ತೆ: ಅಣ್ಣ, ಏನು ಬರೆದಿದ್ದೆ? ಆ ಡಬ್ಬ ನಿನ್ನ ಅಟ್ಟದಲ್ಲೇ ಇದ್ಯಾ? ಇದ್ರೆ ಒಂದು ಫೋಟೋ ಹಾಕು.